ಕೊಡುವ ಸ್ಪ್ರಿಂಗು, ಕೇಳುವ ಕಂಬ

ಈರುಳ್ಳಿ ಬೆಲೆ ಏರಿದಾಗಲೂ ಕುಸಿದಾಗಲೂ ನಮ್ಮ ಪತ್ರಿಕೆಗಳಲ್ಲಿ ತಪ್ಪದೆ ಬರುವ ಹೆಸರು ಲಾಸಲ್‌ಗಾಂವ್. ಆ ಮಾರುಕಟ್ಟೆ ಇರುವುದು ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ನಿಫಾಡ್ ತಾಲ್ಲೂಕಿನಲ್ಲಿ. ಗೋದಾವರಿ ಮತ್ತು ಕಾದವಾ ನದಿಗಳು ಕೂಡುವಲ್ಲಿರುವ ನಾಂದೂರ್ ಮಧ್ಮೇಶ್ವರದ ಪಕ್ಷಿಧಾಮ, ಸಾಲುಸಾಲು ದ್ರಾಕ್ಷಿ ತೋಟ, 1842ರಲ್ಲಿ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಹುಟ್ಟಿದ ಊರು ಎಂಬ ಗೌರವ, ಇವೆಲ್ಲ ನಿಫಾಡಿನ ಗುರುತುಗಳು. ಇನ್ನೊಂದು ಗುರುತು ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ. ಇದೇ ತಾಲ್ಲೂಕಿನಲ್ಲಿ ಗೋದಾವರಿ ದಂಡೆಯ ಮೇಲೆ ಕೋಠುರೆ ಎಂಬ ಹಳ್ಳಿಯಿದೆ. ಮಲ್ಲಕಂಬಕ್ಕೆ ಮರುಜೀವ ಕೊಟ್ಟವರೆಂದು ಮರಾಠಿ ವ್ಯಾಯಾಮ ಪರಂಪರೆ ಕೈಮುಗಿಯುವ ಬಾಳಂಭಟ್ಟದಾದಾ ದೇವಧರ ಅವರ ಮೂಲ ಊರು ಅದು.

ಮಲ್ಲಕಂಬವೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಮೆರವಣಿಗೆಯಲ್ಲೊಂದು ಸಾಹಸ, ಸ್ವಾತಂತ್ರ್ಯೋತ್ಸವದ ಮೈದಾನದಲ್ಲಿ ಐದು ನಿಮಿಷದ ಚಪ್ಪಾಳೆ. ಅದು ಪ್ರದರ್ಶನಕ್ಕೆಂದು ಹುಟ್ಟಿದ್ದಲ್ಲ. ದೇಹವನ್ನು ತಿದ್ದಲಿಕ್ಕೆಂದೇ ಅಳತೆ ನೋಡಿ ಕೆತ್ತಿದ ಸಲಕರಣೆ ಅದು. ಇವತ್ತು ಬೆಂಗಳೂರು, ಪುಣೆ, ಮುಂಬೈಗಳಲ್ಲಿ, ನ್ಯೂಯಾರ್ಕಿನಲ್ಲಿ ಬೆಳೆದ ಪಿಲಾಟೀಸ್ ಎಂಬ ಸ್ಪ್ರಿಂಗು ಯಂತ್ರಗಳ ವ್ಯಾಯಾಮದ ಸ್ಟುಡಿಯೋಗಳು ಒಂದರ ಹಿಂದೊಂದು ತೆರೆಯುತ್ತಿವೆ. ರಿಫಾರ್ಮರ್, ಕ್ಯಾಡಿಲಾಕ್, ವುಂಡಾ ಚೇರ್, ಬ್ಯಾರಲ್ ಎಂಬ ಹೆಸರುಗಳು ಜಾಹೀರಾತುಗಳಲ್ಲಿ ಕಾಣುತ್ತಿವೆ. ಇವುಗಳಲ್ಲಿ ಯಾವುದು ಏನು, ಯಾವುದು ಯಾರಿಗೆ ಎಂದು ಬಿಡಿಸಿ ಹೇಳುವವರು ಕಡಿಮೆ. ನಿಫಾಡಿನ ಕಂಬವನ್ನೂ ನ್ಯೂಯಾರ್ಕಿನ ಸ್ಪ್ರಿಂಗನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಎರಡೂ ಚೆನ್ನಾಗಿ ಅರ್ಥವಾಗುತ್ತವೆ ಎಂಬುದು ನನ್ನ ನಂಬಿಕೆ.

ಕೇಳಬೇಕಾದ ಒಂದೇ ಪ್ರಶ್ನೆ

ವ್ಯಾಯಾಮದ ಯಾವ ಸಲಕರಣೆಯ ಮುಂದೆ ನಿಂತರೂ ಅದರ ಹೆಸರು, ದೇಶ, ಬೆಲೆಗಳನ್ನು ಆಮೇಲೆ ವಿಚಾರಿಸಬಹುದು. ಮೊದಲು ಕೇಳಬೇಕಾದ್ದು ಇಷ್ಟು: ಇದು ನನ್ನ ಮೈಭಾರವನ್ನು ಏನು ಮಾಡುತ್ತದೆ?

ಉತ್ತರ ಮೂರು ಬಗೆಯದು. ಕೆಲವು ಸಲಕರಣೆಗಳು ನಮ್ಮ ಭಾರದಲ್ಲಿ ಒಂದು ಪಾಲನ್ನು ತಾವು ಹೊರುತ್ತವೆ. ದ್ರಾಕ್ಷಿ ಬಳ್ಳಿಗೆ ಚಪ್ಪರ ಮಾಡುವ ಕೆಲಸ ಅದು: ಆಧಾರವೂ ಆಯಿತು, ಎತ್ತ ಹಬ್ಬಬೇಕೆಂಬ ದಾರಿಯೂ ಆಯಿತು. ಕೆಲವು ನಮ್ಮ ಚಲನೆಗೆ ಎದುರು ನಿಂತು ಹೊಸ ಭಾರ ಹೇರುತ್ತವೆ. ಗರಡಿಯ ಗದೆ, ಕರೇಲ, ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಎತ್ತುವ ಸಂಗ್ರಾಣಿ ಕಲ್ಲು ಈ ಸಾಲಿನವು. ಮೂರನೆಯ ಬಗೆಯವು ಹೊರುವುದೂ ಇಲ್ಲ, ಹೇರುವುದೂ ಇಲ್ಲ. ಹಿಡಿಯಲು ಒಂದು ನೆಲೆ ಮಾತ್ರ ಕೊಟ್ಟು, ನಿನ್ನ ಭಾರ ನಿನ್ನದೇ, ನೀನೇ ನಿಭಾಯಿಸು ಎಂದು ಬಿಟ್ಟುಬಿಡುತ್ತವೆ. ಮಲ್ಲಕಂಬ ಈ ಮೂರನೆಯ ಬಗೆಯ ಪರಮಾವಧಿ. ಪಿಲಾಟೀಸ್‌ನ ಸ್ಪ್ರಿಂಗುಗಳು ಮೊದಲೆರಡು ಬಗೆಗಳನ್ನು ಒಂದೇ ಚೌಕಟ್ಟಿನಲ್ಲಿ ಕೂಡಿಸಿದವು. ಈ ವ್ಯತ್ಯಾಸ ತಿಳಿದರೆ ಉಳಿದ ವಿವರಗಳೆಲ್ಲ ತಾವಾಗಿ ಜಾಗಕ್ಕೆ ಬಂದು ಕೂರುತ್ತವೆ.

ಕಲ್ಯಾಣದಿಂದ ಕೋಠುರೆಗೆ

ಮಲ್ಲಕಂಬದ ಚರಿತ್ರೆ ಹೇಳುವವರು ಮೊದಲು ಬೊಟ್ಟು ಮಾಡುವುದು ಕನ್ನಡ ನೆಲದ ಕಡೆಗೆ. ಕಲ್ಯಾಣ ಚಾಲುಕ್ಯರ ದೊರೆ, ಭೂಲೋಕಮಲ್ಲ ಎಂಬ ಬಿರುದಿನ ಮೂರನೇ ಸೋಮೇಶ್ವರ 12ನೇ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಎಂಬ ಭಾಗವಿದೆ. ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲ ನೋಡಿ ಹೇಗೆ ವಿಂಗಡಿಸಬೇಕು, ಅವರಿಗೆ ಏನು ಉಣಬಡಿಸಬೇಕು, ಯಾವ ಯಾವ ಶ್ರಮ ಮಾಡಿಸಬೇಕು ಎಂಬುದೆಲ್ಲ ಅಲ್ಲಿದೆ. ಕಂಬವನ್ನು ಆಧರಿಸಿ ಮಾಡುವ ವ್ಯಾಯಾಮವೂ ಆ ಶ್ರಮಗಳಲ್ಲಿ ಒಂದು. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವನ್ನು ರಾಜಧಾನಿ ಮಾಡಿಕೊಂಡಿದ್ದ ಅರಸನೊಬ್ಬ ಜಟ್ಟಿಯ ದಿನಚರಿಗೆ ಇಷ್ಟು ಗಮನ ಕೊಟ್ಟು ಬರೆದದ್ದು ಈ ಕಲೆಗೆ ಸಿಕ್ಕ ದೊಡ್ಡ ಮರ್ಯಾದೆ.

ಅಲ್ಲಿಂದ ಮುಂದೆ ಶತಮಾನಗಳ ಕಾಲ ಕಂಬ ಕುಸ್ತಿಯ ನೆರಳಿನಲ್ಲೇ ಉಳಿಯಿತು. ಜಟ್ಟಿಗೆ ದಿನವಿಡೀ ಜೊತೆಗಾರ ಸಿಗುವುದಿಲ್ಲ; ಕಂಬ ಯಾವಾಗಲೂ ಸಿಗುತ್ತದೆ. ಅದನ್ನು ತಬ್ಬಿ, ತೊಡೆಗಳಲ್ಲಿ ಹಿಡಿದು, ಕಂಕುಳಲ್ಲಿ ಬಿಗಿದು ಪಟ್ಟುಗಳನ್ನು ಪಳಗಿಸಿಕೊಳ್ಳಬಹುದು. ಈ ಅಭ್ಯಾಸಕ್ಕೆ ಸ್ವತಂತ್ರ ವಿದ್ಯೆಯ ರೂಪ ಬಂದದ್ದು 18ನೇ ಶತಮಾನ ಮುಗಿದು 19ನೆಯದು ಮೊದಲಾಗುವ ಹೊತ್ತಿನಲ್ಲಿ, ಎರಡನೇ ಬಾಜೀರಾವ್ ಪೇಶ್ವೆಯ ಪುಣೆಯಲ್ಲಿ.

ಪರಂಪರೆ ಹೇಳುವ ಕಥೆ ಹೀಗಿದೆ. ಹೈದರಾಬಾದಿನ ಕಡೆಯಿಂದ ಅಲಿ, ಗುಲಾಬ್ ಎಂಬ ಇಬ್ಬರು ಪೈಲ್ವಾನರು ಪೇಶ್ವೆಯ ಆಸ್ಥಾನಕ್ಕೆ ಬಂದು ಸವಾಲು ಹಾಕಿದರು. ಎದ್ದು ನಿಂತವರು ಬಾಳಂಭಟ್ಟದಾದಾ. ಅವರು ಕಾಲಾವಕಾಶ ಕೇಳಿಕೊಂಡು ನಾಸಿಕ್ ಜಿಲ್ಲೆಯದೇ ವಣಿ ಬಳಿಯ ಸಪ್ತಶೃಂಗಿ ಬೆಟ್ಟಕ್ಕೆ ಹೋಗಿ ದೇವಿಯ ಸನ್ನಿಧಿಯಲ್ಲಿ ಸಾಧನೆಗೆ ಕೂತರು. ಮರದ ಕಂಬದ ಮೇಲೆ ಕೋತಿಯ ಚಲನೆಯನ್ನು ಕಂಡು ಪಟ್ಟುಗಳನ್ನು ಕಲಿತು ಬಂದು ಅಲಿಯನ್ನು ಕೆಡವಿದರು. ಗುಲಾಬ್ ಅಖಾಡಕ್ಕೆ ಇಳಿಯಲೇ ಇಲ್ಲ. ಕಥೆಯಲ್ಲಿ ಭಕ್ತಿ ಎಷ್ಟು, ಇತಿಹಾಸ ಎಷ್ಟು ಎಂದು ತೂಗುವುದಕ್ಕಿಂತ ಅದರ ತಿರುಳನ್ನು ಗಮನಿಸುವುದು ಒಳ್ಳೆಯದು. ತನಗಿಂತ ಭಾರವಾದ ಎದುರಾಳಿಯನ್ನು ಗೆಲ್ಲಲು ಆ ಮನುಷ್ಯ ಇನ್ನಷ್ಟು ಭಾರ ಎತ್ತಲು ಹೋಗಲಿಲ್ಲ. ತನ್ನ ಮೈಭಾರವನ್ನು ತಾನು ಆಳುವುದನ್ನು ಕಲಿತ. ಮಲ್ಲಕಂಬದ ಇಡೀ ತತ್ವ ಇದರಲ್ಲಿದೆ.

1818ರಲ್ಲಿ ಪೇಶ್ವಾಯಿ ಮುಗಿದು ಬಾಜೀರಾವ್ ಕಾನ್ಪುರದ ಹತ್ತಿರದ ಬಿಠೂರಿಗೆ ಹೋದಾಗ ಈ ವಿದ್ಯೆಯೂ ಗಂಗೆಯ ದಡ ಸೇರಿತು. ಅಲ್ಲಿ ಬೆಳೆದ ನಾನಾಸಾಹೇಬ್, ತಾತ್ಯಾ ಟೋಪೆ, ಮುಂದೆ ಝಾನ್ಸಿಯ ರಾಣಿಯಾದ ಲಕ್ಷ್ಮೀಬಾಯಿ ಇವರೆಲ್ಲ ಕಂಬ ಏರಿದವರೇ ಎಂದು ಮರಾಠಿಗರು ಅಭಿಮಾನದಿಂದ ಹೇಳುತ್ತಾರೆ. ಶಿಷ್ಯರ ಮೂಲಕ ಅದು ವಾರಾಣಸಿ, ವಡೋದರಾಗಳಿಗೆ ಹಬ್ಬಿ ಮರಳಿ ಮಹಾರಾಷ್ಟ್ರಕ್ಕೆ ಬಂತು. 1914ರಲ್ಲಿ ಸ್ಥಾಪನೆಯಾದ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳ 1936ರ ಬರ್ಲಿನ್ ಒಲಿಂಪಿಕ್ಸ್ ಸಂದರ್ಭದಲ್ಲಿ ಭಾರತೀಯ ವ್ಯಾಯಾಮ ವಿದ್ಯೆಗಳ ಪ್ರದರ್ಶನ ಕೊಟ್ಟಿತು. ಮುಂಬೈಯ ಶಿವಾಜಿ ಪಾರ್ಕಿನಲ್ಲಿ 1925ರಲ್ಲಿ ಆರಂಭವಾದ ಶ್ರೀ ಸಮರ್ಥ ವ್ಯಾಯಾಮ ಮಂದಿರ ಇಂದಿಗೂ ಮಕ್ಕಳಿಗೆ ಕಂಬ ಕಲಿಸುತ್ತಿದೆ. ಅಲ್ಲಿನ ಗುರು ಉದಯ ದೇಶಪಾಂಡೆ ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು.

ನೆಟ್ಟ ಕಂಬ, ತೂಗುವ ಕಂಬ, ಹಗ್ಗ

ಮಲ್ಲಕಂಬದಲ್ಲಿ ಮುಖ್ಯವಾಗಿ ಮೂರು ಸಲಕರಣೆಗಳಿವೆ. ಸ್ಪರ್ಧೆಗಳೂ ಈ ಮೂರರ ಮೇಲೆಯೇ ನಡೆಯುತ್ತವೆ.

ಮೊದಲನೆಯದು ನೆಟ್ಟ ಕಂಬ. ತೇಗ ಇಲ್ಲವೇ ಶೀಶಂ ಮರದ್ದು. ನೆಲದಿಂದ ಮೇಲೆ ಸುಮಾರು ಎರಡೂವರೆ ಮೀಟರ್ ಎತ್ತರ. ಬುಡದ ಸುತ್ತಳತೆ ಸುಮಾರು 55 ಸೆಂಟಿಮೀಟರ್. ಮೇಲೆ ಹೋದಂತೆ ಸಣ್ಣದಾಗುತ್ತ 35ರ ಹತ್ತಿರಕ್ಕೆ ಬರುತ್ತದೆ. ತುದಿಯಲ್ಲಿ ಕತ್ತು, ಕತ್ತಿನ ಮೇಲೆ ದುಂಡನೆಯ ತಲೆ. ಈ ಅಳತೆ ಅಂದಕ್ಕಾಗಿ ಬಂದದ್ದಲ್ಲ. ಬುಡದ ದಪ್ಪ ತೊಡೆಗಳಿಗೆ, ಎದೆಗೆ, ತಬ್ಬುವ ತೋಳಿಗೆ. ನಡುಭಾಗ ಕಂಕುಳು, ಮೊಣಕಾಲಿನ ಮಡಿಕೆಗಳಿಗೆ. ಸಣ್ಣಗಾದ ಕತ್ತು ಅಂಗೈ ಹಿಡಿತಕ್ಕೆ. ತುದಿಯ ದುಂಡು ಭಾಗ ಕೂರಲು, ನಿಲ್ಲಲು, ಒಂದೇ ಪಾದದ ಮೇಲೆ ಮೈ ತೂಗಿಸಲು. ಹೀಗೆ ಒಂದೇ ಮರದ ತುಂಡಿನಲ್ಲಿ ದೇಹದ ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ಪಾಠ ಇದೆ. ಕೆಳಗಿನಿಂದ ಮೇಲಕ್ಕೆ ಏರಿದಂತೆ ಹಿಡಿಯಲು ಸಿಗುವ ಜಾಗ ಕಿರಿದಾಗುತ್ತದೆ, ಕೆಲಸ ಕಠಿಣವಾಗುತ್ತದೆ.

ಕಂಬಕ್ಕೆ ಹರಳೆಣ್ಣೆ ಸವರುತ್ತಾರೆ. ಎಣ್ಣೆ ಹಚ್ಚಿದರೆ ಜಾರುವುದಿಲ್ಲವೇ ಎಂದು ಹೊಸಬರು ಕೇಳುತ್ತಾರೆ. ಒಣ ಮರಕ್ಕೆ ಬರಿಮೈ ಉಜ್ಜಿದರೆ ಚರ್ಮ ಕಿತ್ತುಬರುತ್ತದೆ. ತಿರುಗುವಾಗ, ಇಳಿಯುವಾಗ ಮೈ ಸರಾಗವಾಗಿ ಸರಿಯಬೇಕು. ನಿಲ್ಲಬೇಕಾದಲ್ಲಿ ಹಿಡಿತ ಸ್ನಾಯುಗಳಿಂದ ಬರಬೇಕು. ಮರದ ಒರಟುತನದ ಸಹಾಯವನ್ನು ಎಣ್ಣೆ ಕಸಿದುಕೊಳ್ಳುತ್ತದೆ, ದೇಹ ತನ್ನ ಬಲದಿಂದಲೇ ಬಿಗಿಯುವುದನ್ನು ಕಲಿಯುತ್ತದೆ. ಅಭ್ಯಾಸ ಶುರುವಾಗುವುದು ಸಲಾಮಿಯಿಂದ, ಅಂದರೆ ಕಂಬಕ್ಕೆ ವಂದಿಸುವ ಚಲನೆಯಿಂದ. ಆಮೇಲೆ ಅಢಿ, ತೇಢಿ, ಬಗ್ಲಿ, ದಸರಂಗ, ಫಿರ್ಕಿ, ಸುಯಿದೋರಾ ಎಂದು ಒಂದೊಂದು ಪಟ್ಟಿನ ಬಳಗ ತೆರೆದುಕೊಳ್ಳುತ್ತದೆ. ಅಢಿಯಲ್ಲಿ ಕಾಲುಗಳು ಕಂಬವನ್ನು ಬಳಸಿ ಬಿಗಿಯುವುದೇ ಮೊದಲ ಪಾಠ. ಕಾಲಿನ ಬಿಗಿತ ಬಾರದೆ ಕೈಬಲ ಎಷ್ಟಿದ್ದರೂ ಮುಂದಿನ ಮೆಟ್ಟಿಲಿಲ್ಲ.

ಎರಡನೆಯದು ತೂಗು ಕಂಬ. ನೆಟ್ಟ ಕಂಬಕ್ಕಿಂತ ಗಿಡ್ಡ. ಮೇಲಿನಿಂದ ಸರಪಳಿ, ಕೊಂಡಿಗಳಲ್ಲಿ ನೇತುಹಾಕಿರುತ್ತಾರೆ; ಬುಡ ನೆಲಕ್ಕೆ ತಾಗುವುದಿಲ್ಲ. ಇಲ್ಲಿ ಕಂಬವೂ ಚಲಿಸುತ್ತದೆ, ಏರಿದವನೂ ಚಲಿಸುತ್ತಾನೆ. ಒಂದು ಕಡೆ ವಾಲಿದರೆ ಕಂಬ ತಿರುಗುತ್ತದೆ, ತೂಗುತ್ತದೆ. ನೆಟ್ಟ ಕಂಬದ ಮೇಲೆ ಮುಚ್ಚಿಟ್ಟುಕೊಳ್ಳಬಹುದಾದ ತಪ್ಪು ಇಲ್ಲಿ ತಕ್ಷಣ ಬಯಲಾಗುತ್ತದೆ. ಹೊಟ್ಟೆ, ಸೊಂಟ, ಬೆನ್ನಿನ ಒಳಸ್ನಾಯುಗಳು ಕ್ಷಣಕ್ಷಣವೂ ಸಮತೋಲ ತಿದ್ದುತ್ತಲೇ ಇರಬೇಕಾಗುತ್ತದೆ.

ಮೂರನೆಯದು ಹಗ್ಗ. ಮೊದಲು ಬೆತ್ತದ ಮೇಲೆ ನಡೆಯುತ್ತಿದ್ದ ಅಭ್ಯಾಸ, ಒಳ್ಳೆಯ ಬೆತ್ತ ಸಿಗುವುದು ಕಷ್ಟವಾದ ಮೇಲೆ ನೂಲಿನ ಹಗ್ಗಕ್ಕೆ ಬಂತು. ಹಗ್ಗದ ಉದ್ದ ಸುಮಾರು ಐದೂವರೆ ಮೀಟರ್, ದಪ್ಪ ಒಂದರಿಂದ ಎರಡು ಸೆಂಟಿಮೀಟರ್. ಮೇಲಿನ ಆಧಾರದಿಂದ ಇಳಿಬಿಟ್ಟ ಹಗ್ಗವನ್ನು ಕಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸಂದಿಯಲ್ಲಿ ಹಿಡಿಯುವುದೇ ಇಡೀ ವಿದ್ಯೆಯ ಕೀಲಿ. ಎಲ್ಲಿಯೂ ಗಂಟು ಹಾಕುವಂತಿಲ್ಲ. ಹಗ್ಗವನ್ನು ಮೈಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ ಪದ್ಮಾಸನ, ಧನುರಾಸನಗಳಂಥ ಭಂಗಿಗಳನ್ನು ಗಾಳಿಯಲ್ಲಿ ಹಿಡಿಯುತ್ತಾರೆ. ಕಂಬ ಬಿಗಿಯುವುದನ್ನು ಕಲಿಸಿದರೆ ಹಗ್ಗ ಬಾಗುವುದನ್ನು ಕಲಿಸುತ್ತದೆ. ಹೆಣ್ಣುಮಕ್ಕಳಿಗೆ ಬಹುಕಾಲ ಹಗ್ಗವನ್ನೇ ಮೀಸಲಿಟ್ಟಿದ್ದರು. ಈಗ ಅವರು ಕಂಬವನ್ನೂ ಏರುತ್ತಿದ್ದಾರೆ, ಸ್ಪರ್ಧಿಸುತ್ತಿದ್ದಾರೆ. ಈ ಬದಲಾವಣೆ ಎಂದೋ ಆಗಬೇಕಿತ್ತು, ಆಗಿರುವುದು ಸಂತೋಷ.

ಇವಲ್ಲದೆ ನಿರಾಧಾರ ಮಲ್ಲಕಂಬವೆಂಬುದೊಂದಿದೆ. ಕಂಬವನ್ನು ನೆಡದೆ ಸ್ಟೂಲಿನ ಮೇಲೋ, ಬಾಟಲಿಗಳ ಮೇಲಿಟ್ಟ ಹಲಗೆಯ ಮೇಲೋ ನಿಲ್ಲಿಸಿ ಏರುತ್ತಾರೆ. ಹಲವರು ಸೇರಿ ಕಟ್ಟುವ ಗೋಪುರಗಳಿವೆ, ಆಯುಧ ಹಿಡಿದು ಮಾಡುವ ಪ್ರಕಾರಗಳಿವೆ. ಇವು ಪ್ರದರ್ಶನಕ್ಕೆ ಸರಿ. ಕಲಿಯುವವರಿಗೆ ಬೇಕಾದ್ದು ಮೊದಲ ಮೂರೇ.

ಕಲ್ಲಿಲ್ಲದೆ ಭಾರ ಹೇರಿದ ಜರ್ಮನ್ನನ ಉಪಾಯ

ಜೋಸೆಫ್ ಪಿಲಾಟೀಸ್ ಹುಟ್ಟಿದ್ದು 1883ರಲ್ಲಿ, ಜರ್ಮನಿಯ ಮೋಂಶೆನ್‌ಗ್ಲಾಡ್‌ಬಾಖ್‌ನಲ್ಲಿ. ಎಳವೆಯಲ್ಲಿ ಉಬ್ಬಸ, ಮೂಳೆ ದುರ್ಬಲತೆಗಳಿಂದ ನರಳಿದವನು. ಮೈಯನ್ನು ತಾನೇ ಕಟ್ಟಿಕೊಳ್ಳಬೇಕೆಂಬ ಹಟದಿಂದ ಜಿಮ್ನಾಸ್ಟಿಕ್ಸ್, ಕುಸ್ತಿ, ಬಾಕ್ಸಿಂಗ್ ಎಲ್ಲವನ್ನೂ ಕಲಿತ. ಮೊದಲ ಮಹಾಯುದ್ಧ ಬಂದಾಗ ಇಂಗ್ಲೆಂಡಿನಲ್ಲಿದ್ದ ಕಾರಣ ಶತ್ರುದೇಶದವನೆಂದು ಬಂಧನ ಶಿಬಿರಕ್ಕೆ ಸೇರಿಸಿದರು. ಐಲ್ ಆಫ್ ಮ್ಯಾನ್ ದ್ವೀಪದ ನಾಕಲೋ ಶಿಬಿರದಲ್ಲಿ ಆತ ವರ್ಷಗಟ್ಟಲೆ ಇದ್ದ. ಹಾಸಿಗೆ ಹಿಡಿದ ರೋಗಿಗಳು ಮಲಗಿದಲ್ಲೇ ಕೈಕಾಲು ಆಡಿಸಲಿ ಎಂದು ಮಂಚದ ಸ್ಪ್ರಿಂಗುಗಳನ್ನು ಬಿಚ್ಚಿ ಕಟ್ಟಿದ ಎಂಬ ಕಥೆ ಅವನ ಶಿಷ್ಯಪರಂಪರೆಯಲ್ಲಿ ಉಳಿದಿದೆ. 1926ರಲ್ಲಿ ನ್ಯೂಯಾರ್ಕ್ ಸೇರಿ, ಬಾಳಸಂಗಾತಿ ಕ್ಲಾರಾ ಜೊತೆ ಎಂಟನೇ ಅವೆನ್ಯೂನಲ್ಲಿ ವ್ಯಾಯಾಮಶಾಲೆ ತೆರೆದ. ಜಾರ್ಜ್ ಬ್ಯಾಲಂಶೀನ್, ಮಾರ್ಥಾ ಗ್ರಹಾಂ ಅವರಂಥ ನೃತ್ಯ ಗುರುಗಳ ಬಳಗದ ನರ್ತಕರು ಗಾಯ ವಾಸಿ ಮಾಡಿಕೊಳ್ಳಲು ಅಲ್ಲಿಗೆ ಹೋಗುತ್ತಿದ್ದರು. ಆತ ತನ್ನ ಪದ್ಧತಿಯನ್ನು ಕಂಟ್ರಾಲಜಿ ಎಂದು ಕರೆದ. 1967ರಲ್ಲಿ ತೀರಿಕೊಂಡ ಮೇಲೆ ಅವನ ಹೆಸರೇ ಪದ್ಧತಿಯ ಹೆಸರಾಯಿತು. 2000ದಲ್ಲಿ ಅಮೆರಿಕದ ನ್ಯಾಯಾಲಯವೊಂದು ಈ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲ ಎಂದು ತೀರ್ಪು ಕೊಟ್ಟಿತು. ಸ್ಟುಡಿಯೋಗಳು ಊರೂರಲ್ಲಿ ತಲೆಯೆತ್ತಲು ಅದೊಂದು ಕಾರಣ.

ಪಿಲಾಟೀಸ್ ಯಂತ್ರಗಳ ಜೀವಾಳ ಸ್ಪ್ರಿಂಗು. ಹತ್ತು ಕಿಲೋ ಕಲ್ಲು ಎತ್ತುವಾಗ ಮೊದಲಿಂದ ಕೊನೆಯವರೆಗೆ ಹತ್ತೇ ಕಿಲೋ. ಸ್ಪ್ರಿಂಗು ಹಾಗಲ್ಲ; ಎಳೆದಷ್ಟೂ ಬಿಗಿಯುತ್ತದೆ. ಚಲನೆಯ ಮೊದಲಲ್ಲಿ ಹಗುರ, ಕೊನೆಯಲ್ಲಿ ಭಾರ. ಇನ್ನೊಂದು ಗುಣ, ಅದು ಹಿಂದಕ್ಕೆ ಎಳೆಯುತ್ತದೆ. ಕಾಲು ಚಾಚುವಾಗ ಒಂದು ಶ್ರಮವಾದರೆ, ಸ್ಪ್ರಿಂಗು ಧಡಕ್ಕನೆ ಮುಚ್ಚಿಕೊಳ್ಳದಂತೆ ನಿಧಾನವಾಗಿ ಮರಳುವುದು ಇನ್ನೊಂದು ಶ್ರಮ. ಸ್ನಾಯು ಉದ್ದವಾಗುತ್ತಲೇ ತಡೆಯುವ ಈ ಕೆಲಸ ಬಲದ ಜೊತೆ ಹದವನ್ನೂ ಕಲಿಸುತ್ತದೆ.

ಈಗ ಒಂದೊಂದಾಗಿ ನೋಡೋಣ.

ಚಾಪೆ: ಪಿಲಾಟೀಸ್ ಶುರುವಾಗುವುದು ಬರಿಯ ಚಾಪೆಯ ಮೇಲೆ. 1945ರಲ್ಲಿ ಅವನು ಪ್ರಕಟಿಸಿದ ಪುಸ್ತಕದಲ್ಲಿರುವ 34 ವ್ಯಾಯಾಮಗಳಿಗೂ ನೆಲ ಸಾಕು. ಯಂತ್ರದ ಆಸರೆ ಇಲ್ಲದ್ದರಿಂದ ಹೊಸಬರಿಗೆ ಚಾಪೆಯೇ ಹೆಚ್ಚು ಕಷ್ಟ ಎನ್ನಿಸುವುದುಂಟು.

ರಿಫಾರ್ಮರ್: ಮಂಚದಂಥ ಉದ್ದನೆಯ ಚೌಕಟ್ಟು. ಅದರೊಳಗೆ ಹಳಿಯ ಮೇಲೆ ಜಾರುವ ಹಲಗೆ. ಹಲಗೆಗೂ ಚೌಕಟ್ಟಿಗೂ ನಡುವೆ ನಾಲ್ಕೈದು ಸ್ಪ್ರಿಂಗುಗಳು. ಒಂದು ತುದಿಯಲ್ಲಿ ಪಾದ ಒತ್ತಲು ಅಡ್ಡಪಟ್ಟಿ, ಇನ್ನೊಂದು ತುದಿಯಿಂದ ಬರುವ ಹಗ್ಗಗಳಿಗೆ ಕೈ, ಕಾಲು ತೂರಿಸುವ ಕುಣಿಕೆ. ಮಲಗಿ ಅಡ್ಡಪಟ್ಟಿಯನ್ನು ಪಾದಗಳಿಂದ ಒತ್ತಿದರೆ ಹಲಗೆ ಜಾರುತ್ತದೆ. ನಿಂತು ಮಾಡುವ ಬೈಠಕ್ಕಿನ ಚಲನೆಯೇ ಅದು, ಆದರೆ ಬೆನ್ನಿನ ಮೇಲೆ ಮೈಭಾರ ಬೀಳುವುದಿಲ್ಲ. ಒಂದು ವಿಷಯ ತಿಳಿದಿರಬೇಕು: ಸ್ಪ್ರಿಂಗು ಕಡಿಮೆ ಮಾಡಿದರೆ ಯಾವಾಗಲೂ ಸುಲಭವಾಗುವುದಿಲ್ಲ. ಒತ್ತುವ ವ್ಯಾಯಾಮದಲ್ಲಿ ಹೆಚ್ಚು ಸ್ಪ್ರಿಂಗು ಎಂದರೆ ಹೆಚ್ಚು ಭಾರ. ಹಲಗೆಯ ಮೇಲೆ ಮಂಡಿಯೂರಿಯೋ ನಿಂತೋ ಸಮತೋಲ ಹಿಡಿಯುವಾಗ ಹೆಚ್ಚು ಸ್ಪ್ರಿಂಗು ಎಂದರೆ ಹೆಚ್ಚು ಆಸರೆ. ಒಂದೇ ಸ್ಪ್ರಿಂಗು ಇದ್ದಾಗ ಹಲಗೆ ಜಾರದಂತೆ ಹಿಡಿಯುವ ಹೊಣೆ ಹೊಟ್ಟೆಯ ಸ್ನಾಯುಗಳದು.

ಕ್ಯಾಡಿಲಾಕ್: ಎತ್ತರದ ಮಂಚ, ನಾಲ್ಕು ಕಂಬ, ಮೇಲೆ ಲೋಹದ ಚೌಕಟ್ಟು. ಅದರಿಂದ ಇಳಿಬಿದ್ದ ಸ್ಪ್ರಿಂಗುಗಳು, ಅಡ್ಡಪಟ್ಟಿಗಳು, ತೂಗುವ ಕುಣಿಕೆಗಳು. ಶಿಬಿರದ ಆ ಮಂಚದ ಕಥೆಗೆ ಹತ್ತಿರದ ಯಂತ್ರ ಇದು. ಮಲಗಿದವರ ಕಾಲನ್ನು ಸ್ಪ್ರಿಂಗು ಎತ್ತಿ ಹಿಡಿಯುವುದರಿಂದ, ತಾವಾಗಿ ಕಾಲೆತ್ತಲಾರದವರೂ ಚಲನೆ ಶುರು ಮಾಡಬಹುದು. ಪಳಗಿದವರು ಇದೇ ಚೌಕಟ್ಟಿಗೆ ಜೋತುಬಿದ್ದು ತಲೆಕೆಳಗಾಗಬಹುದು. ಇದರ ಅರ್ಧ ರೂಪವನ್ನು ಗೋಡೆಗೆ ಜೋಡಿಸಿದರೆ ಅದು ಟವರ್; ಜಾಗ ಕಡಿಮೆ ಇರುವಲ್ಲಿ ಅದನ್ನೇ ಇಡುತ್ತಾರೆ.

ವುಂಡಾ ಚೇರ್: ಪೆಟ್ಟಿಗೆಯಂಥ ಚಿಕ್ಕ ಪೀಠ, ಮುಂಭಾಗದಲ್ಲಿ ಸ್ಪ್ರಿಂಗು ಕಟ್ಟಿದ ಪೆಡಲ್. ನ್ಯೂಯಾರ್ಕಿನ ಇಕ್ಕಟ್ಟಾದ ಮನೆಗಳಲ್ಲಿ ವ್ಯಾಯಾಮ ಮುಗಿದ ಮೇಲೆ ಕೂರುವ ಕುರ್ಚಿಯೂ ಆಗಲಿ ಎಂದು ಮಾಡಿದ್ದು. ನೋಡಲು ಚಿಕ್ಕದು, ಕೆಲಸದಲ್ಲಿ ಬಿರುಸು. ಮೈ ಒರಗಿಸಲು ಜಾಗವಿಲ್ಲ. ಮೆಟ್ಟಿಲು ಹತ್ತುವ ಬಲ, ಒಂಟಿಕಾಲಿನ ಸಮತೋಲ ಇಲ್ಲಿ ಪಳಗುತ್ತವೆ.

ಬ್ಯಾರಲ್‌ಗಳು: ಇವಕ್ಕೆ ಸ್ಪ್ರಿಂಗಿಲ್ಲ. ಅರ್ಧ ಪೀಪಾಯಿಯಂತೆ ಬಾಗಿದ ಮೆತ್ತನೆಯ ಮೇಲ್ಮೈ. ಒಂದರಲ್ಲಿ ಎದುರಿಗೆ ಏಣಿ ಇರುತ್ತದೆ, ಇನ್ನೊಂದು ನೆಲದ ಮೇಲಿಡುವ ಚಿಕ್ಕದು. ಬೆನ್ನುಮೂಳೆಯ ಬಾಗು, ಪಕ್ಕೆಗಳ ಹಿಗ್ಗು, ಎದೆ ತೆರೆಯುವುದು ಇವುಗಳ ಕೆಲಸ.

ಮ್ಯಾಜಿಕ್ ಸರ್ಕಲ್: ಎರಡು ಕಡೆ ಮೆತ್ತೆ ಇರುವ ಬಳೆ. ತೊಡೆಗಳ ನಡುವೆಯೋ ಅಂಗೈಗಳ ನಡುವೆಯೋ ಒತ್ತಿ ಹಿಡಿಯುವುದು. ಪೀಪಾಯಿಯ ಪಟ್ಟಿಯಿಂದ ಮೊದಲ ಬಳೆ ಮಾಡಿದನೆಂದು ಹೇಳುತ್ತಾರೆ.

ಕೊನೆಯದಾಗಿ ಪೆಡೋಪುಲ್. ಇಂದಿನ ಸ್ಟುಡಿಯೋಗಳಲ್ಲಿ ಅಪರೂಪ. ನೆಟ್ಟಗೆ ನಿಂತ ಒಂದೇ ಕಂಬ, ಅದರಿಂದ ಎರಡು ಸ್ಪ್ರಿಂಗುಗಳು, ಎರಡು ಹಿಡಿಕೆಗಳು. ಕಂಬಕ್ಕೆ ಬೆನ್ನು ಮಾಡಿ ನಿಂತು ಹಿಡಿಕೆ ಎಳೆಯುವಾಗ ಮೈ ಎಲ್ಲಿ ವಾಲಿದರೂ ಗೊತ್ತಾಗುತ್ತದೆ. ನೆಟ್ಟಗೆ ನಿಲ್ಲುವುದೇ ಇಲ್ಲಿನ ವ್ಯಾಯಾಮ. ಬೇರೆ ಖಂಡದಲ್ಲಿ, ಬೇರೆ ದಾರಿಯಲ್ಲಿ ಹೊರಟ ಮನುಷ್ಯನೂ ಒಂದು ಕಂಬದ ಬಳಿ ಬಂದು ನಿಂತದ್ದು ನನಗೆ ಬಹಳ ಇಷ್ಟವಾದ ಸಂಗತಿ.

ಮೈಸೂರಿನಿಂದ ಪುಣೆಗೆ ಹೋದ ಪಾಠ

ಸಲಕರಣೆಗಳ ವಿಚಾರದಲ್ಲಿ ಕನ್ನಡ ನಾಡಿನ ಇನ್ನೊಬ್ಬರನ್ನು ನೆನೆಯಲೇಬೇಕು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಮೈಸೂರಿನಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತು 1937ರಲ್ಲಿ ಪುಣೆಗೆ ಹೋದರು. ಪಿಲಾಟೀಸ್‌ನಂತೆ ಅವರೂ ಬಾಲ್ಯದಲ್ಲಿ ರೋಗಿಷ್ಠರು. ಮರದ ಇಟ್ಟಿಗೆ, ಪಟ್ಟಿ, ಗೋಡೆಗೆ ಕಟ್ಟಿದ ಹಗ್ಗ, ಬೆನ್ನು ಬಾಗಿಸುವ ಬೆಂಚು, ಎತ್ತರದ ಮರದ ಕುದುರೆ ಇವನ್ನೆಲ್ಲ ಆಸನಾಭ್ಯಾಸಕ್ಕೆ ತಂದರು. 1975ರಲ್ಲಿ ಪುಣೆಯಲ್ಲಿ ಪತ್ನಿ ರಮಾಮಣಿಯವರ ಹೆಸರಿನಲ್ಲಿ ತೆರೆದ ಸಂಸ್ಥೆಯಲ್ಲಿ ಈ ಸಲಕರಣೆಗಳು ತುಂಬಿವೆ. ಇವು ಚಲಿಸುವುದಿಲ್ಲ, ಹಿಂದಕ್ಕೆ ಎಳೆಯುವುದೂ ಇಲ್ಲ. ಕೈ ನೆಲಕ್ಕೆ ಎಟುಕದವರಿಗೆ ನೆಲವನ್ನೇ ಕೈಗೆ ಎತ್ತಿಕೊಡುತ್ತವೆ. ಭಾರ ಹೊರುವ ಬಗೆಯ ಸಲಕರಣೆಗೆ ಇದಕ್ಕಿಂತ ಶುದ್ಧವಾದ ಉದಾಹರಣೆ ಇಲ್ಲ.

ಹೀಗೆ ಮೂರು ಪದ್ಧತಿಗಳನ್ನು ಒಟ್ಟಿಗೆ ನೋಡಿದರೆ ಒಂದು ಸಾಲು ಕಾಣುತ್ತದೆ. ಮರದ ಇಟ್ಟಿಗೆ ಆಸರೆ ಕೊಡುತ್ತದೆ. ಸ್ಪ್ರಿಂಗು ಆಸರೆಯನ್ನೂ ಕೊಟ್ಟು ಎದುರೂ ನಿಲ್ಲುತ್ತದೆ. ಕಂಬ ಏನನ್ನೂ ಕೊಡದೆ ಎಲ್ಲವನ್ನೂ ಕೇಳುತ್ತದೆ. ಇವುಗಳಲ್ಲಿ ಮೇಲು ಕೀಳು ಎಂಬುದಿಲ್ಲ. ಒಬ್ಬರಿಗೇ ಬೇರೆ ಬೇರೆ ವಯಸ್ಸಿನಲ್ಲಿ, ಬೇರೆ ಬೇರೆ ಸ್ಥಿತಿಯಲ್ಲಿ ಈ ಮೂರೂ ಬೇಕಾಗಬಹುದು.

ಯಾರಿಗೆ ಯಾವುದು?

ಬೆನ್ನುನೋವು, ಮಂಡಿನೋವು ಇರುವವರು, ಶಸ್ತ್ರಚಿಕಿತ್ಸೆಯ ನಂತರ ಚೇತರಿಸಿಕೊಳ್ಳುತ್ತಿರುವವರು, ಬಹಳ ಕಾಲ ಮೈ ಬಗ್ಗಿಸದವರು ಆಸರೆ ಕೊಡುವ ಸಲಕರಣೆಯಿಂದ ಆರಂಭಿಸುವುದು ಸರಿ: ಯೋಗದ ಇಟ್ಟಿಗೆ, ಪಟ್ಟಿ, ಇಲ್ಲವೇ ರಿಫಾರ್ಮರ್, ಕ್ಯಾಡಿಲಾಕ್. ಮೊದಲು ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಕೇಳಬೇಕು. ಮೂಳೆ ಸವೆತ ಇರುವವರು ಬೆನ್ನನ್ನು ಮುಂದಕ್ಕೆ ಸುರುಳಿ ಸುತ್ತುವ ಚಲನೆಗಳಿಂದ ದೂರವಿರಬೇಕು. ಪಿಲಾಟೀಸ್‌ನ ಚಾಪೆ ವ್ಯಾಯಾಮಗಳಲ್ಲಿ ಅಂಥವು ಹಲವಿವೆ. ಗರ್ಭಿಣಿಯರು ತಿಳಿದವರ ಕಣ್ಣಳತೆಯಲ್ಲೇ ಮಾಡಬೇಕು.

ಸ್ಟುಡಿಯೋಗೆ ಸೇರುವ ಮುನ್ನ ಕೇಳಿ: ಒಬ್ಬ ಶಿಕ್ಷಕರಿಗೆ ಎಷ್ಟು ಮಂದಿ? ಸ್ಪ್ರಿಂಗುಗಳನ್ನು ಯಾವಾಗ ಬದಲಾಯಿಸಿದ್ದಾರೆ? ಸವೆದ ಸ್ಪ್ರಿಂಗು, ಸಡಿಲ ಕೊಂಡಿ ಅಪಾಯ. ನನ್ನ ಸ್ಪ್ರಿಂಗು ಹೆಚ್ಚಿಸಿದ್ದೇಕೆ, ಇಳಿಸಿದ್ದೇಕೆ ಎಂದು ಕೇಳಿದರೆ ಕಾರಣ ಹೇಳಬಲ್ಲ ಶಿಕ್ಷಕರು ಸಿಕ್ಕರೆ ಅಲ್ಲಿ ನಿಲ್ಲಿ. ಯಂತ್ರದ ಹೊಳಪು ಲೆಕ್ಕಕ್ಕಿಲ್ಲ.

ಮಕ್ಕಳ ವಿಷಯಕ್ಕೆ ಬಂದರೆ ನನ್ನ ಮನಸ್ಸು ಪೂರ್ತಿ ಕಂಬದ ಕಡೆಗಿದೆ. ಮಕ್ಕಳ ಮೈ ಹಗುರ, ಹೆದರಿಕೆ ಕಡಿಮೆ, ಏರುವ ಆಸೆ ಹುಟ್ಟಿನಿಂದಲೇ ಬಂದದ್ದು. ಒಳ್ಳೆಯ ರಿಫಾರ್ಮರ್ ಒಂದಕ್ಕೆ ಲಕ್ಷ ರೂಪಾಯಿಗಳ ಲೆಕ್ಕ, ಅದರ ಮೇಲೆ ಒಂದು ಹೊತ್ತಿಗೆ ಒಬ್ಬರೇ. ಒಂದು ಕಂಬ, ಸುತ್ತ ದಪ್ಪನೆಯ ಮೆತ್ತೆ, ಒಂದು ಹಗ್ಗ, ಕಲಿತ ಗುರು ಇಷ್ಟಿದ್ದರೆ ಇಡೀ ಶಾಲೆಗೆ ಸಾಕು. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ಹಳ್ಳಿಯ ಮಕ್ಕಳು ಮಲ್ಲಕಂಬ ಕಲಿತು ಹೆಸರು ಮಾಡಿದ್ದಾರೆ. ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನದ ಸಾಂಸ್ಕೃತಿಕ ತಂಡ ಕಂಬ, ಹಗ್ಗಗಳ ಸಾಹಸವನ್ನು ಕರ್ನಾಟಕದ ಊರೂರಿಗೆ ಕೊಂಡೊಯ್ದಿದೆ. ದೇಶದ ಮಟ್ಟದಲ್ಲಿ 1958ರ ರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಕೂಟದಲ್ಲಿ ಕಾಣಿಸಿಕೊಂಡ ಮಲ್ಲಕಂಬಕ್ಕೆ 1981ರಲ್ಲಿ ಸ್ವಂತ ರಾಷ್ಟ್ರೀಯ ಚಾಂಪಿಯನ್‌ಶಿಪ್ ಸಿಕ್ಕಿತು. 2013ರಲ್ಲಿ ಮಧ್ಯಪ್ರದೇಶ ಅದನ್ನು ರಾಜ್ಯ ಕ್ರೀಡೆಯೆಂದು ಘೋಷಿಸಿತು. 2019ರಲ್ಲಿ ಮುಂಬೈಯ ಶಿವಾಜಿ ಪಾರ್ಕಿನಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. 2022ರಲ್ಲಿ ಗುಜರಾತಿನ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಮಲ್ಲಕಂಬಕ್ಕೂ ಪದಕಗಳಿದ್ದವು.

ಇಷ್ಟಾದರೂ ನಮ್ಮ ಬಹುಪಾಲು ಶಾಲೆಗಳ ಮೈದಾನದಲ್ಲಿ ಕಂಬವಿಲ್ಲ. ದೊರೆಯೊಬ್ಬ ಕಲ್ಯಾಣದಲ್ಲಿ ಕೂತು ಬರೆದಿಟ್ಟದ್ದನ್ನು ನಿಫಾಡಿನ ಹಳ್ಳಿಯವರೊಬ್ಬರು ಎತ್ತಿ ನಿಲ್ಲಿಸಿದರು. ಕರ್ನಾಟಕದ ಶಾಲೆಗಳಿಗೆ ಅದನ್ನು ಮರಳಿ ತರುವುದು ನಮ್ಮ ಕೆಲಸ. ದೈಹಿಕ ಶಿಕ್ಷಣದ ಶಿಕ್ಷಕರಿಗೆ ತರಬೇತಿ ಕೊಡಲಿ. ತಾಲ್ಲೂಕಿಗೊಂದು ಶಾಲೆಯಲ್ಲಾದರೂ ಕಂಬ, ಹಗ್ಗ, ಮೆತ್ತೆ ಇರಲಿ. ಹೆಣ್ಣುಮಕ್ಕಳಿಗೆ ಕಂಬ, ಹಗ್ಗ ಎರಡೂ ಮೊದಲ ದಿನದಿಂದಲೇ ಸಿಗಲಿ. ದೊಡ್ಡವರು ತಮಗೆ ಹೊಂದುವ ಸ್ಪ್ರಿಂಗನ್ನೋ ಇಟ್ಟಿಗೆಯನ್ನೋ ಆರಿಸಿಕೊಂಡು ಬೆನ್ನು ನೆಟ್ಟಗೆ ಮಾಡಿಕೊಳ್ಳಲಿ. ತನ್ನ ಮೈಭಾರವನ್ನು ತಾನು ಹೊರಬಲ್ಲೆ ಎಂಬ ಧೈರ್ಯ ಎಳೆಯ ವಯಸ್ಸಿನಲ್ಲೇ ಬಂದರೆ ಅದು ಮುಂದೆ ಯಾವ ಸಲಕರಣೆಯ ಮುಂದೆ ನಿಂತಾಗಲೂ ಉಪಯೋಗಕ್ಕೆ ಬರುತ್ತದೆ.